ಕೇಳಿ ಹಾಕಿಸಿಕೊಂಡ ಕಪ್ಪು ಹೊಗೆ

ಪ್ರವಾಸಿ ಉಗಿಬಂಡಿಗಳ ಪರವಾನಗಿ ಅಧಿಕಾರಿಗಳೇ,

ನಾನು ತೆಗೆದ ಒಂದು ಫೋಟೊ ನೋಡಿ ತಾವು ಉಗಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಜಬುಲಾನಿ ಮಬೆನಾ ಅವರನ್ನು ಅಸಮರ್ಥ ಫೈರ್‌ಮನ್ ಎಂದು ಬರೆದಿದ್ದೀರಿ. ಅದು ತಪ್ಪು. ಇದನ್ನೇ ಮೂರು ಪತ್ರಗಳಲ್ಲಿ ವಿನಯದಿಂದ ಬರೆದೆ, ಉತ್ತರ ಬರಲಿಲ್ಲ. ನಾಲ್ಕನೆಯದನ್ನು ಊರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ. ತಾವು ಓದುತ್ತೀರಿ ಎಂಬ ಭರವಸೆಯಂತೂ ನನಗಿಲ್ಲ.

ನಾನು ಬುಲವಾಯೊ ಊರಿನ ಲುವೆವೆಯ ಔಷಧಿ ಅಂಗಡಿಯೊಂದರಲ್ಲಿ ಗುಮಾಸ್ತೆ. ರಜೆಯ ದಿನ ಹಳೆಯ ಉಗಿ ಎಂಜಿನ್‌ಗಳ ಫೋಟೊ ತೆಗೆಯುವುದು ನನ್ನ ಹುಚ್ಚು. ಕಳೆದ ಜೂನ್‌ನಲ್ಲಿ ಪ್ರವಾಸಿಗರ ಬಂಡಿ ಮೊಪಾನಿ ಮರಗಳ ಕಾಡಿನ ತಿರುವಿನಲ್ಲಿ ನಿಂತಿತು. ನಮ್ಮಂಥವರಿಗಾಗಿ ಬಂಡಿಯನ್ನು ಅರ್ಧ ಮೈಲಿ ಹಿಂದಕ್ಕೆ ಒಯ್ದು ಮತ್ತೆ ಓಡಿಸಿಕೊಂಡು ಬರುವುದು ವಾಡಿಕೆ. ನಮ್ಮಲ್ಲಿ ಜೂನ್ ಎಂದರೆ ಚಳಿಗಾಲ, ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ. ಎಂಜಿನ್ ಹಿಂದಕ್ಕೆ ಹೊರಡುವ ಮೊದಲು ಕೂತಿದ್ದ ಪೊದೆಯಿಂದ ಎದ್ದು ಓಡಿಹೋಗಿ ಮಬೆನಾ ಅವರನ್ನು ಕೇಳಿದೆ.

"ಬಾಬಾ, ಒಂದೇ ಒಂದ್ಸಲ ಕಪ್ಪು ಹೊಗೆ ಬಿಡಿ. ಇಲ್ದಿದ್ರೆ ಫೋಟೊ ಸಪ್ಪೆ ಬರುತ್ತೆ."

"ಕಪ್ಪು ಹೊಗೆ ಬಂತು ಅಂದ್ರೆ ಬೆಂಕಿ ಮುಂದೆ ನಿಂತೋನು ದಡ್ಡ ಅಂತ ಅರ್ಥ ಮಗಳೇ. ಮೂವತ್ತೊಂದು ವರ್ಷ ಸಲಿಕೆ ಹಿಡಿದೋನು ನಾನು. ಈ ವಯಸ್ಸಲ್ಲಿ ನನ್ ಮಾನ ಕಳೀತೀಯಾ?" ಎಂದರು ಮಬೆನಾ.

ಚಾಲಕ ದ್ಲೋದ್ಲೋ ನಕ್ಕರು. "ಹಾಕಯ್ಯಾ ನಾಲ್ಕು ಸಲಿಕೆ ಜಾಸ್ತಿ. ಪಾಪ, ಬೆಳಗ್ಗೆಯಿಂದ ಮುಳ್ಳುಪೊದೇಲಿ ಕೂತಿದಾಳೆ. ಎರಡು ನಿಮಿಷ ಮಾನ ಬಿಟ್ರೆ ನಿನ್ ಗಂಟೇನು ಹೋಗುತ್ತೆ?"

ಮಬೆನಾ ಮುಖ ಗಂಟಿಕ್ಕಿಕೊಂಡೇ ಕಲ್ಲಿದ್ದಲು ಸುರಿದರು, ಬೆಂಕಿಗೆ ಗಾಳಿ ಕಡಿಮೆ ಮಾಡಿದರು. ಬಂಡಿ ಮತ್ತೆ ಓಡಿಬಂದಾಗ ಅರ್ಧ ಆಕಾಶ ಕಪ್ಪಾಯಿತು. ನನಗೆ ನನ್ನ ಬದುಕಿನ ಅತ್ಯುತ್ತಮ ಫೋಟೊ ಸಿಕ್ಕಿತು.

ಆ ಎಂಜಿನ್ನಿನ ಪರವಾನಗಿಯನ್ನು ಮುಂದುವರಿಸಬೇಕೇ ಎಂದು ತಾವು ಸಾರ್ವಜನಿಕರನ್ನು ಕೇಳಿದಾಗ, ಅದು ಇನ್ನೂ ಎಷ್ಟು ಗಟ್ಟಿಯಾಗಿದೆ ನೋಡಿ ಎಂದು ಮನವಿಯ ಜೊತೆ ಆ ಫೋಟೊ ಇಟ್ಟ ಬುದ್ಧಿವಂತೆ ನಾನೇ. ತಮ್ಮ ಆದೇಶ ಬಂತು: "ಲಗತ್ತಿಸಿದ ಛಾಯಾಚಿತ್ರವನ್ನು ಪರಿಶೀಲಿಸಲಾಗಿ, ಇಂಧನ ಸರಿಯಾಗಿ ಉರಿಯದಿರುವುದೂ ಫೈರ್‌ಮನ್ ಜಬುಲಾನಿ ಮಬೆನಾ ಅಸಮರ್ಥನಾಗಿರುವುದೂ ಕಂಡುಬಂದಿದೆ." ಎಂಜಿನ್ನಿನ ಪರವಾನಗಿಯೂ ಹೋಯಿತು, ಅವರ ಅರ್ಹತಾ ಪತ್ರವೂ ಹೋಯಿತು. ಎಂಥ ಸೂಕ್ಷ್ಮ ದೃಷ್ಟಿ ತಮ್ಮದು! ಶೆಡ್ಡಿಗೆ ಬಂದು ಬಾಯ್ಲರ್ ಮುಟ್ಟಿ ನೋಡುವ ಕಷ್ಟ ಬೇಡ, ಆ ಮನುಷ್ಯನನ್ನು ಕರೆದು ಒಂದು ಮಾತು ಕೇಳುವ ಕಷ್ಟವೂ ಬೇಡ. ಮದುವೆ ಫೋಟೊ ನೋಡಿ ವಧುವಿನ ರಕ್ತದೊತ್ತಡವನ್ನೂ ಹೇಳಬಲ್ಲಿರಾ?

ಹೊಗೆ ಹಾಕಿಸಿದ್ದು ನಾನು ಎಂದು ಹೇಳಲು ತಮ್ಮ ಕಚೇರಿಗೂ ಬಂದೆ. ಗುಮಾಸ್ತರು ತಲೆ ಎತ್ತದೆ ಹೇಳಿದರು: "ಅಲ್ಲಾ ಅಕ್ಕ, ಫೋಟೊ ಕೊಟ್ಟಿದ್ದೂ ನೀವೇ, ಈಗ ಅದನ್ನ ನಂಬಬೇಡಿ ಅನ್ನೋದೂ ನೀವೇ. ಯಾವುದನ್ನ ಫೈಲಿಗೆ ಹಾಕ್ಲಿ?" ಅವರ ಹಿಂದಿನ ಗೋಡೆಯಲ್ಲಿ ತಮ್ಮ ಇಲಾಖೆಯ ಹೊಸ ಕ್ಯಾಲೆಂಡರ್ ತೂಗುತ್ತಿತ್ತು. ಮುಖಪುಟಕ್ಕೆ ಅದೇ ಫೋಟೊ. ಕೆಳಗೆ "ನಮ್ಮ ಹೆಮ್ಮೆಯ ಪರಂಪರೆ" ಎಂದು ಅಚ್ಚಾಗಿತ್ತು.

ಕಳೆದ ಭಾನುವಾರ ಮಬೆನಾ ಅವರ ಮನೆಗೆ ಹೋದೆ. ಅವರ ಹೆಂಡತಿ ಇಸಿಟ್‌ಶ್ವಾಲಾ ಮುದ್ದೆ, ಸೊಪ್ಪು ತಂದಿಟ್ಟರು.

"ಬಿಯರ್ ಅಂಗಡಿಗೆ ಹೋಗೋದು ಬಿಟ್ಟೆ," ಎಂದರು ಮಬೆನಾ. "ನಾನೇ ಕೆಲಸ ಕಲಿಸಿದ ಹುಡುಗ್ರು 'ಹೊಗೆ ಬಂತು, ಕಣ್ಣು ಮುಚ್ಕೊಳ್ರೋ' ಅಂತಾರೆ."

"ನನ್ನಿಂದಾಗಿದ್ದು ಬಾಬಾ."

"ನೀನು ಕೇಳ್ದೆ, ನಾನು ಹಾಕ್ದೆ. ಬೇಡ ಅನ್ಬೇಕಿತ್ತು. ಗೊತ್ತಿದ್ದೋನು ನಾನು." ಅವರು ಬೈದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಎಂಜಿನ್ನನ್ನು ಉಳಿಸಿ ಎಂದು ನಾನೀಗ ಕೇಳುತ್ತಿಲ್ಲ. ಅದನ್ನು ಗುಜರಿಗೆ ಕತ್ತರಿಸುವವರು ಗ್ಯಾಸ್ ಸಿಲಿಂಡರ್ ಇಳಿಸಿಯಾಗಿದೆ, ಗುರುವಾರ ಕೆಲಸ ಶುರುವಂತೆ. ಅವರ ಕೆಲಸ ವಾಪಸು ಕೊಡಿ ಎಂದೂ ಕೇಳುವುದಿಲ್ಲ, ಬೆಂಕಿ ಹಾಕಲು ಇನ್ನೊಂದು ಎಂಜಿನ್ ಎಲ್ಲಿದೆ? ನನ್ನ ಬೇಡಿಕೆ ಒಂದೇ ಒಂದು ಸಾಲಿನದು. ಆ ಆದೇಶದಲ್ಲಿ ಅಸಮರ್ಥ ಎಂಬ ಮಾತಿನ ಪಕ್ಕದಿಂದ ಜಬುಲಾನಿ ಮಬೆನಾ ಎಂಬ ಹೆಸರನ್ನು ಹೊಡೆದುಹಾಕಿ. ಜಾಗ ಖಾಲಿ ಬಿಡಲು ನಿಯಮ ಒಪ್ಪದಿದ್ದರೆ ಅಲ್ಲಿ ನನ್ನ ಹೆಸರು ಬರೆದುಕೊಳ್ಳಿ. ಸರಿಯಾದ ಅಕ್ಷರಗಳಲ್ಲಿ ಕೆಳಗೆ ಕೊಟ್ಟಿದ್ದೇನೆ.

ಇಂತಿ,
ಒಂದು ಫೋಟೊಗಾಗಿ ಒಬ್ಬರ ಮಾನ ಕೇಳಿ ಪಡೆದವಳು,
ನೊಮಗುಗು ಮಟೆ
ಲುವೆವೆ, ಬುಲವಾಯೊ