ಹಿತ್ತಾಳೆಯ ಬುಗುರಿ

ಪಾರ್ವತಿನಗರ, ಬಳ್ಳಾರಿ
೪ ನವೆಂಬರ್ ೨೦೨೫

ಅವ್ವಾ,

ಮಗಳು ಕಾಗದ ಬರೆದಿದ್ದಾಳೆಂದರೆ ಏನೋ ಆಗಿದೆ ಎಂದು ಎದೆ ಹಿಡಿದುಕೊಳ್ಳಬೇಡ. ನಾನೂ ಹೊಟ್ಟೆಯಲ್ಲಿರುವ ಕೂಸೂ ಚೆನ್ನಾಗಿದ್ದೇವೆ. ಮನೆಯಲ್ಲಿ ಫೋನ್ ಎತ್ತಿದರೆ ಅತ್ತೆ ಪಕ್ಕದಲ್ಲೇ ಕೂತು ಸ್ಪೀಕರ್ ಹಾಕು ಅನ್ನುತ್ತಾರೆ. ವರ್ಕ್‌ಶಾಪಿನಲ್ಲಿ ಮಾವ ಇರುತ್ತಾರೆ. ಅದಕ್ಕೇ ನಮ್ಮಲ್ಲಿ ಕೆಲಸ ಮಾಡುವ ನಮ್ಮೂರು ಸಿರಿಗೇರಿಯ ಕರಿಬಸವಣ್ಣನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಸೀಮಂತದ ಕುಬಸ ಮುಗಿಸಿ ಯಾವತ್ತು ಕರೆದುಕೊಂಡು ಹೋಗಲಿ ಎಂದು ನೀನು ಕೇಳಿದಾಗಲೆಲ್ಲ ನಕ್ಕು ಮಾತು ಮರೆಸಿದೆ. ಈಗ ನಿಜ ಕೇಳು. ಇವರು ನನ್ನನ್ನು ಕಳಿಸುವುದಿಲ್ಲ. ಚೊಚ್ಚಿಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಓಣಿಗೆಲ್ಲ ಶಾಸ್ತ್ರ ಹೇಳುವ ಅತ್ತೆ, ನನ್ನ ವಿಷಯ ಬಂದರೆ ಮಾತ್ರ "ಬಳ್ಳಾರ್‍ಯಾಗ ಇರೋವಂಥ ದವಾಖಾನಿ ಸಿರಿಗೇರ್‍ಯಾಗ ಎಲ್ಲೈತಿ" ಅನ್ನುತ್ತಾರೆ. ಅದು ದವಾಖಾನೆಯ ಚಿಂತೆಯಲ್ಲ, ಮಷೀನಿನ ಚಿಂತೆ. ಭತ್ತದ ಕೊಯ್ಲು ಶುರುವಾಗಿದೆ. ಸಿರುಗುಪ್ಪದ ರೈಸ್ ಮಿಲ್ಲುಗಳಿಗೆ ಬುಷ್ಷು, ಶಾಫ್ಟಿನಂಥ ಬಿಡಿಭಾಗ ಹೋಗಬೇಕು. ಕಬ್ಬಿಣ ಕಡೆಯುವ ಸಿಎನ್‌ಸಿ ಲೇತಿಗೆ ಪ್ರೋಗ್ರಾಂ ಬರೆಯುವವಳು, ಟೂಲ್ ಕೂರಿಸುವವಳು, ಮೈಕ್ರೋಮೀಟರ್ ಹಿಡಿದು ಅಳತೆ ನೋಡುವವಳು ನಾನೊಬ್ಬಳೇ.

ಮಾವ ದೊಡ್ಡಬಸವರಾಜಪ್ಪನವರು ನನ್ನನ್ನು ಒಂದು ದಿನವೂ ಬೈದವರಲ್ಲ. ಬೈದಿದ್ದರೆ ಜಗಳವಾಡಿಯಾದರೂ ಬರುತ್ತಿದ್ದೆ. ಬಂದ ಗಿರಾಕಿಗಳ ಮುಂದೆಲ್ಲ "ನಮ್ಮ ಸೊಸಿ ಅದಾಳಂತ ಈ ಮಷೀನ್ ತಿರಗತೈತಿ" ಎಂದು ಹೊಗಳುತ್ತಾರೆ. ಮೊನ್ನೆ ನನಗೆಂದೇ ಮೆತ್ತೆ ಹಾಕಿದ ಎತ್ತರದ ಸ್ಟೂಲ್ ತರಿಸಿದರು. ಅದನ್ನು ಕಂಡು ಅಳು ಬಂತು. ಕುಬಸದ ಸೀರೆಗಿಂತ ಮೊದಲು ಸ್ಟೂಲ್ ಬಂತಲ್ಲ ಅವ್ವಾ. ಟೂಲ್ ತಣಿಸುವ ಕೂಲೆಂಟಿನ ವಾಸನೆಗೆ ವಾಂತಿ ಬಂದರೆ ಹಿಂದಿನ ಬಾಗಿಲಿಗೆ ಓಡುತ್ತೇನೆ, ಬಾಯಿ ತೊಳೆದು ಬಂದು ಮತ್ತೆ ಅದೇ ಮಷೀನಿನ ಮುಂದೆ ಕೂರುತ್ತೇನೆ.

ಗಂಡನಿಗೆ ಕಲಿಸು ಅನ್ನುತ್ತೀಯಲ್ಲ, ಕಲಿಸಿದೆ. ನಿನ್ನ ಅಳಿಯ ಗವಿಸಿದ್ದೇಶ ಸಾಹೇಬರಿಗೆ ಎದುರಿಗೆ ನಿಂತು ಕಲಿಸಿದೆ. ಟೂಲ್ ಬದಲಾಯಿಸಿದರೆ ಹೊಸದರ ಅಳತೆಯನ್ನು ಮಷೀನಿಗೆ ಕೊಡಬೇಕು, ಇಲ್ಲದಿದ್ದರೆ ಅದು ಹಳೆಯ ಅಳತೆಯನ್ನೇ ನಂಬಿ ನುಗ್ಗುತ್ತದೆ ಎಂದು ಮತ್ತೆ ಮತ್ತೆ ಹೇಳಿದೆ. ಅವರು ಸರಿಯಾಗಿ ಅದನ್ನೇ ಮರೆತರು. ಟೂಲ್ ಹೋಗಿ ತಿರುಗುತ್ತಿದ್ದ ಕಬ್ಬಿಣಕ್ಕೆ ಗುದ್ದಿತು. ಸದ್ದಿಗೆ ಪಕ್ಕದ ಶೆಡ್ಡಿನವರೆಲ್ಲ ಓಡಿ ಬಂದರು. ಮಾವ ತಲೆ ಚಚ್ಚಿಕೊಂಡು "ಲೇ, ಇನ್ನ ಮಷೀನ್ ಮುಟ್ಟಬ್ಯಾಡ, ಡೆಲಿವರಿ ನೋಡ್ಕೋ ಹೋಗು" ಎಂದರು. ಅಂದಿನಿಂದ ಸಾಹೇಬರಿಗೆ ಬೈಕು, ಕುರುಗೋಡಿನ ಮಿರ್ಚಿ, ತೆಕ್ಕಲಕೋಟೆಯ ಗೆಳೆಯರು. ನನಗೆ ಸ್ಟೂಲು.

ಕೆಟ್ಟವರಲ್ಲ. ಮನೆಗೆ ಬಂದರೆ ನನ್ನ ಕಾಲು ಒತ್ತುತ್ತಾರೆ. "ಈ ಸೀಸನ್ ಮುಗೀಲಿ, ನಾನ ಬಿಟ್ಟು ಬರ್ತೀನಿ" ಅನ್ನುತ್ತಾರೆ. ಸೀಸನ್ ಮುಗಿಯುವ ಹೊತ್ತಿಗೆ ಕೂಸು ತೊಟ್ಟಿಲಲ್ಲಿರುತ್ತದೆ, ತೊಟ್ಟಿಲು ಮಷೀನಿನ ಪಕ್ಕದಲ್ಲಿರುತ್ತದೆ. ಆಮೇಲೆ ನಾನು ಬಂದ ಹಾಗೇ.

ಸೋಮವಾರ ಕುಬಸಕ್ಕೆ ಎಲ್ಲರೂ ಇರುತ್ತಾರೆ. ನೀನು ಬಾ, ಬರಿಗೈಯಲ್ಲಿ ವಾಪಸ್ ಹೋಗಬೇಡ. ನನಗೆ ನಿನ್ನ ಮಗ್ಗುಲಲ್ಲಿ ಮಲಗಬೇಕು ಅವ್ವಾ.

ನಿನ್ನ ದಾರಿ ನೋಡುತ್ತಿರುವ
ಶೈಲಜಾ

ತಾ.ಕ.: ಕಾಗದದ ಜೊತೆ ಬಟ್ಟೆಯಲ್ಲಿ ಸುತ್ತಿದ ಹಿತ್ತಾಳೆಯ ಬುಗುರಿಯೊಂದಿದೆ. ನಿನ್ನೆ ನಿನ್ನ ಅಳಿಯನ ಬೈಕಿನ ಬ್ಯಾಗಿನಲ್ಲಿ ಸಿಕ್ಕಿತು. ಅತ್ತೆ ನನ್ನನ್ನು ಸ್ಕ್ಯಾನಿಂಗಿಗೆ ಕರೆದೊಯ್ದಿದ್ದ ದಿನ, ಮಾವ ಮಿಲ್ಲಿಗೆ ಹೋಗಿದ್ದಾಗ, ನಮ್ಮ ಲೇತಿನಲ್ಲೇ ಮಾಡಿದ್ದು. ಅದರ ಪ್ರೋಗ್ರಾಂ ಇನ್ನೂ ಮಷೀನಿನಲ್ಲಿದೆ, ನಾನು ಬರೆದದ್ದಲ್ಲ. ಆಡಿಸಿ ನೋಡು, ಸ್ವಲ್ಪವೂ ಅಲುಗದೆ ತಿರುಗುತ್ತದೆ. ಅವರನ್ನು ಕೇಳಿದೆ. "ಕೂಸಿಗಂತ ಮಾಡೀನಿ. ನನಗ ಬರತೈತಂತ ಅಪ್ಪಗ ಹೇಳಬ್ಯಾಡ, ಜೀವಮಾನ ಇಲ್ಲೇ ನಿಲ್ಲಸ್ತಾನ" ಎಂದರು. ಅಂದರೆ ಅವತ್ತು ಟೂಲ್ ಗುದ್ದಿಸಿದ್ದೂ ಮರೆವಿನಿಂದಲ್ಲ, ಬೇಕೆಂದೇ. ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲಿನ ಮೇಲೆ ಇದನ್ನೂ ಇಡು. ಮಾವ ಲೇತಿನ ಮುಂದೆಯೇ ಮುದುಕರಾದವರು, ನೋಡಿದ ಕೂಡಲೇ ಯಾರು ಮಾಡಿದ್ದೆಂದು ಕೇಳುತ್ತಾರೆ. ನೀನು ಮಾತಾಡಬೇಡ. ನಾನಲ್ಲ ಎಂದಷ್ಟೇ ಹೇಳಿ, ನಿನ್ನ ಅಳಿಯನ ಮುಖ ನೋಡುತ್ತೇನೆ.