ಈರುಳ್ಳಿ ಹಾಕದ ಪೊಟ್ಟಣ

ಹೊಸದುರ್ಗ
ಸೋಮವಾರ

ಮುಝಫರ್ ಭಾಯಿಗೆ ದಾಕ್ಷಾಯಿಣಿಯ ನಮಸ್ಕಾರ.

ಎದುರು ನಿಂತು ಹೇಳಲಾಗದೆ ಬರೆಯುತ್ತಿದ್ದೇನೆ. ನಾಳೆಯಿಂದ ನನಗೆ ಮಂಡಕ್ಕಿ, ಮಿರ್ಚಿ ಕಟ್ಟಬೇಡಿ. ನಾನೇ ಬಂದು ಕೇಳಿದರೂ ಬೈದು ಕಳಿಸಿ. ತೂಕ ಇಳಿಸಲು ದಾವಣಗೆರೆಯಲ್ಲಿ ಹೊಟ್ಟೆಯ ಆಪರೇಷನ್ ಮಾಡಿಸಿಕೊಳ್ಳುತ್ತಿದ್ದೇನೆ. "ಮೊದ್ಲು ಸಂಜೆ ತಿಂಡಿ ಚಟ ಬಿಡ್ರಿ, ಆಮ್ಯಾಲೆ ಡೇಟ್ ಕೊಡ್ತೀನಿ" ಅಂದಿದ್ದಾರೆ ಡಾಕ್ಟರು.

ನಮ್ಮವರು ತೀರಿಕೊಂಡ ಮೇಲೆ ಮೊದಲ ಸಲ ನಿಮ್ಮ ಗಾಡಿಗೆ ಬಂದಾಗ, ನೀವು ರೂಢಿಯಂತೆ ಎರಡು ಪೊಟ್ಟಣ ಕಟ್ಟುತ್ತಾ, "ಅಣ್ಣಂದಕ್ಕೆ ಈರುಳ್ಳಿ ಬ್ಯಾಡ ಅಲ್ವೇನಕ್ಕಾ?" ಅಂದಿರಿ. ಅಂದ ಮೇಲೆ, ಅವರಿಲ್ಲವೆಂಬುದು ನೆನಪಾಗಿ ನಿಮ್ಮ ಕೈ ಅಲ್ಲೇ ನಿಂತಿತು. ನಾನು ಹೂಂ ಅಂದುಬಿಟ್ಟೆ. ಅವತ್ತಿನಿಂದ ನೀವು ದಿನಾ ಕೇಳುತ್ತೀರಿ, ನಾನು ದಿನಾ ಹೂಂ ಅನ್ನುತ್ತೇನೆ. ಒಂದೇ ಸಾಕು ಅನ್ನಲು ಬಾಯಿ ಬರಲಿಲ್ಲ. ಮನೆಗೆ ಹೋಗಿ ನನ್ನದು ಮುಗಿಸಿ, ಅವರದನ್ನೂ ನಾನೇ ತಿನ್ನುತ್ತಿದ್ದೆ. ಈರುಳ್ಳಿ ಇಲ್ಲದ ಮಂಡಕ್ಕಿ ನನಗೆ ರುಚಿಸುವುದೇ ಇಲ್ಲ. ಆದರೂ ಚೆಲ್ಲಲು ಮನಸ್ಸಾಗುತ್ತಿರಲಿಲ್ಲ.

ಇನ್ನು ಮೇಲೂ ಸಂಜೆ ನಿಮ್ಮ ಗಾಡಿಯ ಮುಂದೆಯೇ ವಾಕಿಂಗ್ ಹೋಗುತ್ತೇನೆ. ಏನೂ ಕಟ್ಟಬೇಡಿ. "ಅಣ್ಣಂದಕ್ಕೆ ಈರುಳ್ಳಿ ಬ್ಯಾಡ ಅಲ್ವೇನಕ್ಕಾ?" ಅಂತ ಮಾತ್ರ ದಿನಾ ಕೇಳಿ. ಹೂಂ ಅಂದು ಮುಂದೆ ಹೋಗುತ್ತೇನೆ.

ನಿಮ್ಮ ಅಕ್ಕ,
ದಾಕ್ಷಾಯಿಣಿ