ಸರದ ಮೊದಲ ಹವಳ

ಮಾಜಿವಾಡಾ, ಠಾಣೆ
೧೪-೧-೧೯೮೨

ಪ್ರೀತಿಯ ಅಮ್ಮನಿಗೆ,

ನಿನ್ನ ಮಗಳು ಜಯಶೀಲಳ ನಮಸ್ಕಾರ. ಚಿಕ್ಕಮ್ಮನ ಮನೆಯಲ್ಲಿ ಎಲ್ಲರೂ ಆರಾಮ. ಡೊಂಬಿವಲಿಯಿಂದ ನಿನ್ನ ಕಾಗದ ಬಂದಾಗಿನಿಂದ ನನಗೊಬ್ಬಳಿಗೆ ಅನ್ನ ಸೇರುತ್ತಿಲ್ಲ. ಕರಿಮಣಿಯನ್ನು ಹೊಸದಾಗಿ ಪೋಣಿಸಲೆಂದು ಬಿಚ್ಚಿಟ್ಟಿದ್ದ ಡಬ್ಬಿಯಲ್ಲಿ ಒಂದು ಹವಳ ಕಾಣಲಿಲ್ಲ, ಕೆಲಸದ ಸತ್ಯಮ್ಮನೇ ಕದ್ದಿರಬೇಕು, ಅವಳನ್ನು ಕೆಲಸದಿಂದ ಬಿಡಿಸಿದೆ ಎಂದು ಬರೆದಿದ್ದೀಯ.

ಅಮ್ಮ, ಹೋದ ಸಲ ಮನೆಗೆ ಬಂದಾಗ ಅದನ್ನು ಕದ್ದವಳು ನಾನು. ನಿನ್ನ ಹವಳ ಈಗ ನಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನದಲ್ಲಿದೆ. ಪಕ್ಕದಲ್ಲಿ ನನ್ನ ಹೆಸರು, ಮೊದಲ ಬಹುಮಾನದ ಚೀಟಿ ಬೇರೆ!

ನಮ್ಮ ಜೀವಕೋಶದೊಳಗೆ ಒಂದು ಬರಹವಿದೆ. ಅದಕ್ಕೆ ನಾಲ್ಕೇ ಅಕ್ಷರ. ಮೂರು ಅಕ್ಷರ ಸೇರಿದರೆ ಒಂದು ಪದ, ಆ ಪದ ಇಂಥದೇ ಅಮೈನೋ ಆಮ್ಲ ಬೇಕೆಂದು ಹೇಳುತ್ತದೆ. ಆಮ್ಲಗಳನ್ನು ಮಣಿಗಳಂತೆ ಸಾಲಾಗಿ ಪೋಣಿಸಿದರೆ ಪ್ರೋಟೀನು. ಕೆಲವು ಮಣಿಗಳಿಗೆ ನಾಲ್ಕಾರು ಪದಗಳಿವೆ, ಒಂದಕ್ಷರ ತಪ್ಪಿದರೂ ಎಷ್ಟೋ ಸಲ ಅದೇ ಮಣಿ ಬರುತ್ತದೆ. ಆದರೆ ಸರ ಶುರುವಾಗುವ ಮಣಿ ಮಿಥಿಯೋನಿನ್. ಅದಕ್ಕೆ ಎ-ಯು-ಜಿ ಎಂಬ ಒಂದೇ ಪದ. ಪ್ರದರ್ಶನಕ್ಕೆ ಇದನ್ನೇ ಮಣಿಸರದ ಮಾದರಿಯಾಗಿ ಮಾಡಿದೆ. ಆ ಮೊದಲ ಮಣಿಯ ಜಾಗದಲ್ಲಿ ಪೇಟೆಯ ಗಾಜಿನ ಮಣಿ ಯಾವುದನ್ನಿಟ್ಟರೂ ಉಳಿದವುಗಳಲ್ಲಿ ಬೆರೆತುಹೋಗುತ್ತಿತ್ತು. ನಿನ್ನ ಹವಳ ಇಟ್ಟೆ ನೋಡು, ಸರಕ್ಕೆ ಕಳೆ ಬಂತು.

ನಿನ್ನನ್ನು ಕೇಳಿದ್ದರೆ, ಅಪ್ಪನ ಆಯುಷ್ಯದ ಮಣಿ ನಿನಗೆ ಆಟದ ಸಾಮಾನೇ ಎಂದು ನೀನು ರಂಪ ಮಾಡುತ್ತಿದ್ದೆ. ಪ್ರದರ್ಶನ ಮುಗಿದ ಮೇಲೆ ಡಬ್ಬಿಗೆ ಹಾಕಿದರಾಯಿತು, ಅಕ್ಷರ ತಪ್ಪಿದರೂ ಕೆಡದ ತಪ್ಪುಗಳಲ್ಲಿ ಇದೂ ಒಂದು ಎಂದುಕೊಂಡೆ. ನನ್ನ ಬುದ್ಧಿಗೆ ಬೆಂಕಿ ಬೀಳಲಿ.

ನೀನು ಬಿಡಿಸಿದ್ದು ಕೇಳಿ ಬಿಲ್ಡಿಂಗಿನ ಉಳಿದ ಮನೆಯವರೂ ಸತ್ಯಮ್ಮನನ್ನು ಬಿಡಿಸಿದರಂತೆ. ಅವಳ ಗಂಡ ಜಟ್ಟೆಪ್ಪನಿಗೆ ಲಾರಿ ಲೋಡಿಂಗಿನ ಕೆಲಸ ದಿನಾ ಸಿಗುವುದಿಲ್ಲ. ಗುಲಬರ್ಗಾಕ್ಕೆ ವಾಪಸು ಹೊರಟಿದ್ದಾರೆಂದು ನೀನೇ ಬರೆದಿದ್ದೀಯ. ಹೋಗಲು ಬಿಡಬೇಡಮ್ಮ. ಕಾಗದ ಕೈ ಸೇರಿದ ಕೂಡಲೇ ಅವಳ ಖೋಲಿಗೆ ಹೋಗು. ಬಿಲ್ಡಿಂಗಿನವರಿಗೆ ನನ್ನ ಹೆಸರೇ ಹೇಳು. ಶನಿವಾರ ಹವಳ ತಂದು, ಅವಳೆದುರಿಗೇ ನಿನ್ನ ಕೈಗೆ ಕೊಡುತ್ತೇನೆ.

ನಿನ್ನ ಮಗಳೆಂದು ಹೇಳಿಕೊಳ್ಳಲು ನಾಚುವ,
ಜಯಶೀಲ

ತಾ.ಕ.: ಒಂದು ವಿಷಯ ಬರೆಯದೆಯೇ ಕಾಗದ ಅಂಟಿಸಲಿದ್ದೆ. ನಾನು ಹವಳ ತೆಗೆಯುವುದನ್ನು ಸತ್ಯಮ್ಮ ನೋಡಿದ್ದಳು. ‘ನಾ ಯಾಕ ಹೇಳ್ಲಿ ತಂಗೀ’ ಅಂದಳು. ಅಷ್ಟಕ್ಕೇ ನಂಬದೆ ಆಣೆ ಮಾಡಿಸಿಕೊಂಡೆ. ಸೆರಗಿನ ಗಂಟು ಬಿಚ್ಚಿಸಿದರೂ ಅವಳು ತುಟಿ ಬಿಚ್ಚಲಿಲ್ಲ ಎಂದು ಬೈದು ಬರೆದಿದ್ದೀಯಲ್ಲ, ಆ ಆಣೆ ಯಾರ ಮೇಲಿತ್ತು ಗೊತ್ತೇ? ನಿನ್ನ ಮೇಲೆ, ಅಮ್ಮ.